ಮೊಬೈಲ್ ಜಾಲದಲ್ಲಿ ಐಪಿ ವಿಳಾಸ: ಲಂಗರು ಮತ್ತು ಸುರಂಗ ವ್ಯವಸ್ಥೆಯ ಪರಿಚಯ

ದಾವಣಗೆರೆಯಲ್ಲಿ ಗೃಹೋಪಯೋಗಿ ಸಾಮಗ್ರಿಗಳ ಸಗಟು ವ್ಯಾಪಾರ ನಡೆಸುವ ಒಂದು ಸಂಸ್ಥೆ ಇದೆಯೆಂದು ಭಾವಿಸಬಹುದು. ಅದರ ಮಾರಾಟ ಪ್ರತಿನಿಧಿಯೊಬ್ಬರು ವಾರದಲ್ಲಿ ನಾಲ್ಕು ದಿನ ಶಿವಮೊಗ್ಗ, ಸಾಗರ, ಸೊರಬ ಕಡೆಯ ಅಂಗಡಿಗಳಿಗೆ ಭೇಟಿ ನೀಡಿ, ಅಲ್ಲಿಂದಲೇ ಮೊಬೈಲ್ ಫೋನಿನ ಮೂಲಕ ಬೇಡಿಕೆಗಳನ್ನು ಕಚೇರಿಯ ಕಂಪ್ಯೂಟರಿಗೆ ಕಳುಹಿಸುತ್ತಾರೆ. ಪ್ರತಿಯೊಂದು ಬೇಡಿಕೆಯ ಜೊತೆಗೆ ದಿನಾಂಕ, ವೇಳೆ ಮತ್ತು ಫೋನಿನ ಐಪಿ ವಿಳಾಸ ತಾನಾಗಿಯೇ ದಾಖಲಾಗುತ್ತದೆ. ಆಂತರಿಕ ಲೆಕ್ಕಪರಿಶೋಧನೆಯ ಸಮಯದಲ್ಲಿ ಈ ಐಪಿ ವಿಳಾಸಗಳನ್ನು ಅಂತರ್ಜಾಲದ ಸ್ಥಳಸೂಚಿಯೊಂದರಲ್ಲಿ ಹುಡುಕಿದಾಗ ಎಲ್ಲಕ್ಕೂ ಒಂದೇ ಉತ್ತರ ದೊರೆಯುತ್ತದೆ: ಬೆಂಗಳೂರು. ‘ಪ್ರತಿನಿಧಿಯು ಸಾಗರಕ್ಕೆ ಹೋಗಿಯೇ ಇಲ್ಲ, ಪ್ರಯಾಣ ಭತ್ಯೆಯ ಓಚರುಗಳು ಸುಳ್ಳು’ ಎಂಬ ಟಿಪ್ಪಣಿ ವರದಿಯಲ್ಲಿ ಸೇರುತ್ತದೆ. ಮೂರು ತಿಂಗಳ ಭತ್ಯೆಯನ್ನು ತಡೆಹಿಡಿಯಲಾಗುತ್ತದೆ. ಕಾರಣ ಕೇಳುವ ನೋಟಿಸು ಹೊರಡುತ್ತದೆ.

ಈ ತೀರ್ಮಾನಕ್ಕೆ ಆಧಾರವಿಲ್ಲ. ಪ್ರತಿನಿಧಿಯು ಸಾಗರದ ಪೇಟೆಬೀದಿಯಲ್ಲಿಯೇ ನಿಂತು ಬೇಡಿಕೆ ಕಳುಹಿಸಿದ್ದರೂ ದಾಖಲೆಯು ಬೆಂಗಳೂರನ್ನೇ ತೋರಿಸಬಹುದು. ಏಕೆಂದರೆ ಮೊಬೈಲ್ ಜಾಲದಲ್ಲಿ ಐಪಿ ವಿಳಾಸವು ಫೋನು ಇರುವ ಸ್ಥಳವನ್ನು ತಿಳಿಸುವುದಿಲ್ಲ, ಫೋನಿನ ಪರವಾಗಿ ವಿಳಾಸವನ್ನು ಹಿಡಿದಿಟ್ಟುಕೊಂಡಿರುವ ಯಂತ್ರದ ಕಡೆಗೆ ಬೆರಳು ತೋರಿಸುತ್ತದೆ. ತಂತ್ರಜ್ಞರು ಆ ಯಂತ್ರವನ್ನು ಲಂಗರು ಅಥವಾ ಆ್ಯಂಕರ್ ಎಂದೂ, ಅಲ್ಲಿಂದ ಫೋನಿನವರೆಗಿನ ಸಾಗಣೆಯ ಕ್ರಮವನ್ನು ಸುರಂಗ ಅಥವಾ ಟನೆಲ್ ಎಂದೂ ಕರೆಯುತ್ತಾರೆ. ಸ್ವೈಪ್ ಯಂತ್ರ, ವಾಹನ ಪತ್ತೆ ಉಪಕರಣ, ಬ್ಯಾಂಕ್ ವ್ಯವಹಾರ, ಮಾರಾಟದ ಬೇಡಿಕೆ ಇವೆಲ್ಲವೂ ಮೊಬೈಲ್ ಜಾಲದ ಮೇಲೆಯೇ ನಡೆಯುತ್ತಿರುವಾಗ, ಈ ವ್ಯವಸ್ಥೆಯ ಸ್ಥೂಲ ಪರಿಚಯವು ಉದ್ಯಮಿಗಳಿಗೂ ಅವರ ಲೆಕ್ಕಪತ್ರ ನೋಡುವವರಿಗೂ ಅವಶ್ಯಕವಾಗಿದೆ.

1. ವಿಳಾಸ ಬದಲಾದರೆ ಸಂಪರ್ಕ ಕಡಿಯುವುದೇಕೆ?

ಅಂತರ್ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೆ ಕಳುಹಿಸಿದವರ ಮತ್ತು ಪಡೆಯುವವರ ಐಪಿ ವಿಳಾಸಗಳಿರುತ್ತವೆ. ಇದರ ನಿಯಮಗಳು 1981ರಲ್ಲಿ ಇಂದಿನ ರೂಪ ಪಡೆದವು. ಆಗ ಕಂಪ್ಯೂಟರ್ ಎಂದರೆ ಕೊಠಡಿಯೊಂದರಲ್ಲಿ ನೆಲೆಯೂರಿದ ಯಂತ್ರ. ಅದು ಜಾಲದ ಯಾವ ಭಾಗದಲ್ಲಿದೆ ಎಂಬುದನ್ನೂ ಅದು ಯಾವ ಯಂತ್ರ ಎಂಬುದನ್ನೂ ಒಂದೇ ವಿಳಾಸದಿಂದ ತಿಳಿಸುವುದು ಸಹಜವಾಗಿಯೇ ಇತ್ತು.

ಎರಡು ಕಂಪ್ಯೂಟರುಗಳ ನಡುವೆ ಟಿಸಿಪಿ ಕ್ರಮದಲ್ಲಿ ಸಂಪರ್ಕ ಏರ್ಪಟ್ಟಾಗ ಅದನ್ನು ನಾಲ್ಕು ಅಂಶಗಳಿಂದ ಗುರುತಿಸಲಾಗುತ್ತದೆ: ಈ ಕಡೆಯ ಐಪಿ ವಿಳಾಸ, ಈ ಕಡೆಯ ಪೋರ್ಟ್ ಸಂಖ್ಯೆ, ಆ ಕಡೆಯ ಐಪಿ ವಿಳಾಸ ಮತ್ತು ಆ ಕಡೆಯ ಪೋರ್ಟ್ ಸಂಖ್ಯೆ. ಪೋರ್ಟ್ ಸಂಖ್ಯೆ ಎಂದರೆ ಒಂದೇ ಕಟ್ಟಡದ ಒಳಗಿನ ಕೊಠಡಿ ಸಂಖ್ಯೆ ಇದ್ದಂತೆ. ಈ ನಾಲ್ಕರಲ್ಲಿ ಒಂದು ಬದಲಾದರೂ ಆ ಕಡೆಯ ಯಂತ್ರವು ಇದನ್ನು ಅಪರಿಚಿತ ವ್ಯವಹಾರವೆಂದೇ ಪರಿಗಣಿಸುತ್ತದೆ. ಚೆಕ್ಕಿನ ಮೇಲಿನ ಖಾತೆ ಸಂಖ್ಯೆಯಲ್ಲಿ ಒಂದು ಅಂಕೆ ತಪ್ಪಿದರೂ ಬ್ಯಾಂಕು ಅದನ್ನು ಹಿಂದಿರುಗಿಸುವಂತೆಯೇ ಇದು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಲಾರಿಯೊಂದು ಸುಮಾರು 400 ಕಿಲೋಮೀಟರ್ ದಾರಿಯಲ್ಲಿ ಎಷ್ಟೋ ಮೊಬೈಲ್ ಟವರುಗಳ ವ್ಯಾಪ್ತಿಯನ್ನು ಹಾದು ಬರುತ್ತದೆ. ಟವರಿಗೊಂದರಂತೆ ಐಪಿ ವಿಳಾಸ ಬದಲಾದರೆ ಲಾರಿಯಲ್ಲಿರುವ ಪತ್ತೆ ಉಪಕರಣದ ಸಂಪರ್ಕ ಪ್ರತಿ ಬಾರಿಯೂ ಕಡಿದು ಹೊಸದಾಗಿ ಆರಂಭವಾಗಬೇಕಾಗುತ್ತದೆ. ಚಾಲಕನು ಹಣ ವರ್ಗಾಯಿಸುತ್ತಿದ್ದರೆ ಅದು ಅರ್ಧದಲ್ಲಿ ನಿಲ್ಲುತ್ತದೆ.

ವಿಳಾಸವನ್ನು ಹಾಗೆಯೇ ಉಳಿಸಿಕೊಂಡು, ಫೋನು ಎಲ್ಲಿದೆಯೆಂಬುದನ್ನು ಇಡೀ ಅಂತರ್ಜಾಲಕ್ಕೆ ತಿಳಿಸುತ್ತಾ ಹೋಗಬಹುದಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಒಬ್ಬ ಪ್ರಯಾಣಿಕನು ಊರು ಬದಲಿಸಿದಾಗಲೆಲ್ಲ ದೇಶದ ಪ್ರತಿಯೊಂದು ಅಂಚೆ ಕಚೇರಿಗೂ ಸುತ್ತೋಲೆ ಕಳುಹಿಸಿದಂತೆ ಅದು. ಕೋಟ್ಯಂತರ ಫೋನುಗಳ ವಿಷಯದಲ್ಲಿ ಇದು ಅಸಾಧ್ಯ. ಆದ್ದರಿಂದ ಬೇರೊಂದು ಮಾರ್ಗವನ್ನು ಕಂಡುಕೊಳ್ಳಬೇಕಾಯಿತು.

2. 1996ರ ಪರಿಹಾರ: ಮನೆಯ ವಿಳಾಸ ಮತ್ತು ಕೇರ್ ಆಫ್ ವಿಳಾಸ

ಅಂತರ್ಜಾಲದ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯು 1996ರ ಅಕ್ಟೋಬರಿನಲ್ಲಿ ಮೊಬೈಲ್ ಐಪಿ ಎಂಬ ಕ್ರಮವನ್ನು ಆರ್‌ಎಫ್‌ಸಿ 2002 ಎಂಬ ದಾಖಲೆಯಾಗಿ ಪ್ರಕಟಿಸಿತು. ಅದರ ಸಂಪಾದಕರು ಚಾರ್ಲ್ಸ್ ಪರ್ಕಿನ್ಸ್. ಈ ಕ್ರಮದಲ್ಲಿ ಚಲಿಸುವ ಉಪಕರಣಕ್ಕೆ ಎರಡು ವಿಳಾಸಗಳು. ಮೊದಲನೆಯದು ಎಂದಿಗೂ ಬದಲಾಗದ ಮನೆಯ ವಿಳಾಸ. ಎರಡನೆಯದು ಸದ್ಯಕ್ಕೆ ತಂಗಿರುವ ಜಾಲದ ಕೇರ್ ಆಫ್ ವಿಳಾಸ. ಹಾಸ್ಟೆಲಿನಲ್ಲಿಯೋ ಬಂಧುಗಳ ಮನೆಯಲ್ಲಿಯೋ ಇರುವವರಿಗೆ ಪತ್ರ ಬರೆಯುವಾಗ ಕನ್ನಡಿಗರು ಲಕೋಟೆಯ ಮೇಲೆ ಬರೆಯುತ್ತಿದ್ದ ಕೇರ್ ಆಫ್ ಪದವೇ ಇಲ್ಲಿಯೂ ಬಳಕೆಯಾಗಿದೆ.

ಮನೆಯ ಜಾಲದಲ್ಲಿ ಹೋಮ್ ಏಜೆಂಟ್ ಎಂಬ ಯಂತ್ರವೊಂದು ಕಾವಲಿಗಿರುತ್ತದೆ. ಹೊರಗಿನವರು ಪ್ಯಾಕೆಟ್ಟುಗಳನ್ನು ಸದಾ ಮನೆಯ ವಿಳಾಸಕ್ಕೇ ಕಳುಹಿಸುತ್ತಾರೆ. ಉಪಕರಣವು ಊರು ಬದಲಿಸಿದಾಗ ತನ್ನ ಹೊಸ ಕೇರ್ ಆಫ್ ವಿಳಾಸವನ್ನು ಹೋಮ್ ಏಜೆಂಟಿಗೆ ಮಾತ್ರ ತಿಳಿಸುತ್ತದೆ. ಹೋಮ್ ಏಜೆಂಟು ಬಂದ ಪ್ಯಾಕೆಟ್ಟನ್ನು ತೆರೆಯದೆ, ಅದರ ಮೇಲೆ ಇನ್ನೊಂದು ಲಕೋಟೆ ಹಾಕಿ, ಹೊರಗಿನ ಲಕೋಟೆಯ ಮೇಲೆ ಕೇರ್ ಆಫ್ ವಿಳಾಸ ಬರೆದು ಮುಂದಕ್ಕೆ ಕಳುಹಿಸುತ್ತದೆ. ಲಕೋಟೆಯೊಳಗಿನ ಈ ಲಕೋಟೆಯೇ ಸುರಂಗ. ನಡುವಿನ ಜಾಲಗಳಿಗೆ ಹೊರಗಿನ ವಿಳಾಸವಷ್ಟೇ ಪ್ರಸ್ತುತ, ಒಳಗಿನದನ್ನು ಅವು ನೋಡಬೇಕಾಗಿಲ್ಲ. ನೋಂದಾಯಿತ ಕಚೇರಿಯ ಗುಮಾಸ್ತರು ಅಲ್ಲಿಗೆ ಬಂದ ಟಪಾಲನ್ನು ಒಡೆಯದೆಯೇ ಬೇರೆ ಲಕೋಟೆಯಲ್ಲಿಟ್ಟು, ಪ್ರವಾಸದಲ್ಲಿರುವ ನಿರ್ದೇಶಕರಿಗೆ ತಲುಪಿಸುವ ಪದ್ಧತಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ.

ಈ ಕ್ರಮದಲ್ಲಿ ಒಂದು ತೊಡಕು ಎದುರಾಯಿತು. ಉಪಕರಣಕ್ಕೆ ಬರುವ ಪ್ಯಾಕೆಟ್ಟು ಹೋಮ್ ಏಜೆಂಟಿನ ಮೂಲಕ ಸುತ್ತಿಕೊಂಡು ಬರುತ್ತಿತ್ತು, ಉಪಕರಣದಿಂದ ಹೊರಡುವ ಪ್ಯಾಕೆಟ್ಟು ಮಾತ್ರ ನೇರವಾಗಿ ಹೋಗುತ್ತಿತ್ತು. ಆದರೆ ಸುಳ್ಳು ವಿಳಾಸದ ದಾಳಿಗಳನ್ನು ತಡೆಯಲು ಜಾಲಗಳು ತಮ್ಮದಲ್ಲದ ವಿಳಾಸ ಹೊತ್ತು ಹೊರಡುವ ಪ್ಯಾಕೆಟ್ಟುಗಳನ್ನು ತಡೆಹಿಡಿಯತೊಡಗಿದವು. ಪರ ಊರಿನಲ್ಲಿ ತನ್ನ ಮನೆಯ ವಿಳಾಸ ಬಳಸುವ ಪ್ರಾಮಾಣಿಕ ಉಪಕರಣವೂ ಈ ಬಲೆಗೆ ಬಿದ್ದಿತು. ಆದ್ದರಿಂದ 1998ರಲ್ಲಿ ಹೊರಡುವ ಪ್ಯಾಕೆಟ್ಟನ್ನೂ ಸುರಂಗದ ಮೂಲಕವೇ ಹೋಮ್ ಏಜೆಂಟಿಗೆ ಒಯ್ಯುವ ಹಿಮ್ಮುಖ ಸುರಂಗದ ನಿಯಮವು ಪ್ರಕಟವಾಯಿತು. ಹೋಗುವುದೂ ಬರುವುದೂ ಲಂಗರಿನ ಮೂಲಕವೇ ಎಂಬ ಪದ್ಧತಿಗೆ ಇದರಿಂದ ಬಲ ಬಂದಿತು.

3. ಮೊಬೈಲ್ ಕಂಪನಿಗಳ ಜಾಲದಲ್ಲಿ ಲಂಗರು

ಜಿಎಸ್‌ಎಂ ಪರಂಪರೆಯ ಮೊಬೈಲ್ ಜಾಲಗಳು ಇದೇ ತತ್ವವನ್ನು ತಮ್ಮದೇ ಆದ ಜಿಟಿಪಿ ಎಂಬ ಸುರಂಗ ಕ್ರಮದ ಮೂಲಕ ಅಳವಡಿಸಿಕೊಂಡವು. 2ಜಿ ಕಾಲದ ಜಿಪಿಆರ್‌ಎಸ್‌ನಿಂದ ಆರಂಭವಾದ ಈ ಕ್ರಮವು 3ಜಿ, 4ಜಿ ದಾಟಿ 5ಜಿಯಲ್ಲಿಯೂ ಮುಂದುವರಿದಿದೆ. ಮೊಬೈಲ್ ಐಪಿಯಲ್ಲಿ ಊರು ಬದಲಿಸಿದ ಸುದ್ದಿಯನ್ನು ಉಪಕರಣವೇ ತಿಳಿಸಬೇಕಾಗಿತ್ತು. ಇಲ್ಲಿ ಜಾಲವೇ ಆ ಹೊಣೆಯನ್ನು ಹೊರುತ್ತದೆ. ಫೋನಿಗೆ ತನ್ನ ಪ್ಯಾಕೆಟ್ಟುಗಳು ಸುರಂಗದಲ್ಲಿ ಸಾಗುತ್ತಿವೆ ಎಂಬುದೇ ತಿಳಿಯದು.

ಭಾರತದಲ್ಲಿ 4ಜಿ ಸೇವೆಯು 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ ಆರಂಭವಾಗಿ ಮರುತಿಂಗಳು ಬೆಂಗಳೂರಿಗೆ ಬಂದಿತು. 4ಜಿ ಜಾಲದಲ್ಲಿ ಈ ವ್ಯವಸ್ಥೆಯು ಎರಡು ಹಂತಗಳಲ್ಲಿದೆ.

ಮೊದಲ ಹಂತದಲ್ಲಿರುವುದು ಪಿಡಿಎನ್ ಗೇಟ್‌ವೇ. ಫೋನು ಡೇಟಾ ಸಂಪರ್ಕ ಕೇಳಿದಾಗ ಚಂದಾದಾರರ ದಾಖಲೆಯನ್ನು ಪರಿಶೀಲಿಸಿ, ಫೋನಿನ ಎಪಿಎನ್ ಎಂಬ ಹೆಸರಿನ ಆಧಾರದ ಮೇಲೆ ಒಂದು ಪಿಡಿಎನ್ ಗೇಟ್‌ವೇಯನ್ನು ಆಯ್ಕೆ ಮಾಡಲಾಗುತ್ತದೆ. ಆ ಫೋನಿನ ಐಪಿ ವಿಳಾಸವು ಈ ಗೇಟ್‌ವೇಗೆ ಕಟ್ಟಿಹಾಕಲ್ಪಟ್ಟಿರುತ್ತದೆ. ಸಂಪರ್ಕ ಮುಗಿಯುವವರೆಗೆ ಇದೇ ಅದರ ಲಂಗರು. ಹೊರಗಿನ ಅಂತರ್ಜಾಲದ ದೃಷ್ಟಿಯಲ್ಲಿ ಫೋನು ‘ಇರುವುದು’ ಇಲ್ಲಿಯೇ.

ಎರಡನೆಯ ಹಂತದಲ್ಲಿರುವುದು ಸರ್ವಿಂಗ್ ಗೇಟ್‌ವೇ. ಇದು ಒಂದು ಪ್ರದೇಶದ ಟವರುಗಳಿಗೆ ಸ್ಥಳೀಯ ಲಂಗರು. ಪಿಡಿಎನ್ ಗೇಟ್‌ವೇಯಿಂದ ಸರ್ವಿಂಗ್ ಗೇಟ್‌ವೇವರೆಗೆ ಒಂದು ಸುರಂಗ, ಅಲ್ಲಿಂದ ಟವರಿನವರೆಗೆ ಮತ್ತೊಂದು ಸುರಂಗ. ಪ್ರತಿ ಸುರಂಗದ ತುದಿಗೂ 32 ಬಿಟ್‌ಗಳ ಗುರುತು ಸಂಖ್ಯೆಯೊಂದಿದ್ದು, ಯಾವ ಪ್ಯಾಕೆಟ್ಟು ಯಾರದೆಂಬುದು ಅದರಿಂದಲೇ ಗೊತ್ತಾಗುತ್ತದೆ.

ಲಾರಿಯು ಒಂದು ಟವರಿನಿಂದ ಪಕ್ಕದ ಟವರಿಗೆ ಸರಿದಾಗ ಎರಡನೆಯ ಸುರಂಗದ ತುದಿ ಮಾತ್ರ ಹೊಸ ಟವರಿಗೆ ತಿರುಗುತ್ತದೆ. ಬಹಳ ದೂರ ಸಾಗಿ ಇನ್ನೊಂದು ಸರ್ವಿಂಗ್ ಗೇಟ್‌ವೇಯ ಸೀಮೆಗೆ ಬಂದಾಗ ಮೊದಲ ಸುರಂಗದ ತುದಿಯೂ ತಿರುಗುತ್ತದೆ. ಎರಡೂ ಸಂದರ್ಭಗಳಲ್ಲಿ ಪಿಡಿಎನ್ ಗೇಟ್‌ವೇಯಾಗಲಿ ಐಪಿ ವಿಳಾಸವಾಗಲಿ ಬದಲಾಗುವುದಿಲ್ಲ. ಪ್ರತಿನಿಧಿಯ ಫೋನಿನ ಲಂಗರು ಬೆಂಗಳೂರಿನಲ್ಲಿದ್ದರೆ, ಅವರು ಸಾಗರದಲ್ಲಿದ್ದರೂ ಸೊರಬದಲ್ಲಿದ್ದರೂ ಹೊರಗಿನ ಸ್ಥಳಸೂಚಿಗೆ ಕಾಣುವುದು ಬೆಂಗಳೂರೇ. ಮೇಲಿನ ಲೆಕ್ಕಪರಿಶೋಧನಾ ಟಿಪ್ಪಣಿಯು ಎಡವಿದ್ದು ಈ ಸ್ಥಳದಲ್ಲಿ.

ಇನ್ನೊಂದು ಸಂಗತಿಯೂ ಗಮನಾರ್ಹ. ಗ್ರಾಹಕರ ಡೇಟಾ ಬಳಕೆಯ ಲೆಕ್ಕ ಬರೆಯುವ ಪ್ರಮುಖ ಸ್ಥಳವೂ ಈ ಪಿಡಿಎನ್ ಗೇಟ್‌ವೇಯೇ. ಎಲ್ಲ ಪ್ಯಾಕೆಟ್ಟುಗಳೂ ಹಾದುಹೋಗುವ ಬಾಗಿಲಿನಲ್ಲಿ ಲೆಕ್ಕದ ಗುಮಾಸ್ತರನ್ನು ಕೂರಿಸುವುದು ಯಾವ ವ್ಯವಹಾರದಲ್ಲಿಯೂ ಸೂಕ್ತವಾದ ಪದ್ಧತಿ.

4. ಸುರಂಗದ ಖರ್ಚು

ಸುರಂಗಕ್ಕೂ ಒಂದು ವೆಚ್ಚವುಂಟು. ಪ್ರತಿ ಪ್ಯಾಕೆಟ್ಟಿಗೆ ಹೊರ ಲಕೋಟೆ ಹಾಕುವಾಗ ಹೊರಗಿನ ಐಪಿ ಶಿರೋನಾಮೆಗೆ 20 ಬೈಟ್, ಯುಡಿಪಿ ಶಿರೋನಾಮೆಗೆ 8 ಬೈಟ್, ಜಿಟಿಪಿ ಶಿರೋನಾಮೆಗೆ ಕನಿಷ್ಠ 8 ಬೈಟ್, ಹೀಗೆ ಒಟ್ಟು 36 ಬೈಟ್ ಸೇರುತ್ತವೆ. ಹೊರ ಲಕೋಟೆಯು ಐಪಿ ಆವೃತ್ತಿ 6ರದ್ದಾದರೆ 20ರ ಬದಲು 40 ಆಗಿ ಒಟ್ಟು 56 ಬೈಟ್ ಆಗುತ್ತದೆ. 1,400 ಬೈಟಿನ ದೊಡ್ಡ ಪ್ಯಾಕೆಟ್ಟಿಗೆ 36 ಬೈಟ್ ಎಂದರೆ ಶೇ. 2.6ರಷ್ಟು ಹೊರೆ. ಪತ್ತೆ ಉಪಕರಣದ 100 ಬೈಟಿನ ಸಣ್ಣ ಪ್ಯಾಕೆಟ್ಟಿಗೆ ಅದೇ 36 ಬೈಟ್ ಎಂದರೆ ಶೇ. 36ರಷ್ಟು ಹೊರೆ. ಸಣ್ಣ ಸರಕಿಗೆ ಪ್ಯಾಕಿಂಗ್ ವೆಚ್ಚವೇ ಹೆಚ್ಚಾಗುವುದು ವರ್ತಕರಿಗೆ ಹೊಸ ವಿಷಯವಲ್ಲ.

ಇದರಿಂದ ಹುಟ್ಟುವ ಒಂದು ತೊಂದರೆಯನ್ನು ಹಲವು ಕಚೇರಿಗಳು ಕಾರಣ ತಿಳಿಯದೆಯೇ ಅನುಭವಿಸುತ್ತವೆ. ಜಾಲದ ತಂತಿಗಳು ಸಾಮಾನ್ಯವಾಗಿ ಒಂದು ಬಾರಿಗೆ 1,500 ಬೈಟಿನ ಪ್ಯಾಕೆಟ್ಟನ್ನು ಒಯ್ಯಬಲ್ಲವು. ಫೋನು 1,500 ಬೈಟಿನ ಪ್ಯಾಕೆಟ್ಟು ಕಳುಹಿಸಿದರೆ ಲಕೋಟೆ ಸೇರಿ ಅದು 1,536 ಆಗಿ ಮಿತಿ ಮೀರುತ್ತದೆ. ಸಿಬ್ಬಂದಿಯು ಸಂಸ್ಥೆಯ ವಿಪಿಎನ್ ಬಳಸುತ್ತಿದ್ದರೆ ಅದು ಮತ್ತೊಂದು ಸುರಂಗ. ಆಗ ಲಕೋಟೆಯೊಳಗೆ ಲಕೋಟೆ, ಅದರೊಳಗೆ ಇನ್ನೊಂದು ಲಕೋಟೆ. ಸಣ್ಣ ಸಂದೇಶಗಳು ಹೋಗುತ್ತವೆ, ಬ್ಯಾಲೆನ್ಸ್ ಶೀಟಿನ ದೊಡ್ಡ ಕಡತ ಮಾತ್ರ ಅರ್ಧದಲ್ಲಿ ನಿಲ್ಲುತ್ತದೆ ಎಂಬ ದೂರು ಬಂದಾಗ ಈ ಕಾರಣವನ್ನೂ ಪರಿಶೀಲಿಸಬೇಕು. ವಿಪಿಎನ್‌ನಲ್ಲಿ ಪ್ಯಾಕೆಟ್ಟಿನ ಗರಿಷ್ಠ ಗಾತ್ರವನ್ನು ತಗ್ಗಿಸುವುದರಿಂದ ಇಂತಹ ತೊಂದರೆ ನಿವಾರಣೆಯಾಗುತ್ತದೆ.

ಸುರಂಗ ಎಂಬ ಪದದಿಂದ ಗೋಪ್ಯತೆ ದೊರೆಯುತ್ತದೆಂಬ ಭ್ರಮೆಯೂ ಸಲ್ಲದು. ಜಿಟಿಪಿ ಸುರಂಗವು ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವುದಿಲ್ಲ. ಅದು ಲಕೋಟೆಯೇ ಹೊರತು ಬೀಗ ಹಾಕಿದ ಪೆಟ್ಟಿಗೆಯಲ್ಲ. ಹಣಕಾಸಿನ ಮಾಹಿತಿಯ ರಕ್ಷಣೆಗೆ ತಂತ್ರಾಂಶದ ಮಟ್ಟದಲ್ಲಿಯೇ ಗೂಢಲಿಪಿಯ ಏರ್ಪಾಡು ಇರಬೇಕು.

5. ವಿದೇಶ ಪ್ರವಾಸದಲ್ಲಿ ಲಂಗರು

ಭಾರತದ ಸಿಮ್ ಹೊಂದಿದ ರಫ್ತುದಾರರೊಬ್ಬರು ವಾಣಿಜ್ಯ ಮೇಳಕ್ಕಾಗಿ ಜರ್ಮನಿಯ ಫ್ರಾಂಕ್‌ಫರ್ಟಿಗೆ ಹೋದರೆ ಅವರ ಡೇಟಾ ಯಾವ ದಾರಿಯಲ್ಲಿ ಸಾಗುತ್ತದೆ? ಅಂತಾರಾಷ್ಟ್ರೀಯ ರೋಮಿಂಗ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸ್ವದೇಶದ ಗೇಟ್‌ವೇ ಮೂಲಕ ಸಾಗಿಸುವ ಪದ್ಧತಿ. ಟವರು ಮತ್ತು ಸರ್ವಿಂಗ್ ಗೇಟ್‌ವೇ ಜರ್ಮನಿಯವು, ಲಂಗರು ಮಾತ್ರ ಭಾರತದ್ದು. ಇವೆರಡರ ನಡುವೆ ಸುರಂಗವು ಖಂಡಗಳನ್ನು ದಾಟಿ ಹಾಯುತ್ತದೆ.

ಲಂಗರು ಬೆಂಗಳೂರಿನಲ್ಲಿದೆಯೆಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ. ಬೆಂಗಳೂರು ಮತ್ತು ಫ್ರಾಂಕ್‌ಫರ್ಟಿನ ನಡುವಿನ ನೇರ ದೂರ ಸುಮಾರು 7,400 ಕಿಲೋಮೀಟರ್. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ರಫ್ತುದಾರರು ಫ್ರಾಂಕ್‌ಫರ್ಟಿನಲ್ಲಿಯೇ ಇರುವ ಒಂದು ಸರ್ವರಿನಿಂದ ಮಾಹಿತಿ ಕೇಳಿದರೂ ಕೋರಿಕೆಯು ಬೆಂಗಳೂರಿಗೆ ಬಂದು ಫ್ರಾಂಕ್‌ಫರ್ಟಿಗೆ ಹೋಗುತ್ತದೆ. ಉತ್ತರವೂ ಬೆಂಗಳೂರಿಗೆ ಬಂದು ಫ್ರಾಂಕ್‌ಫರ್ಟಿಗೆ ಮರಳುತ್ತದೆ. ನಾಲ್ಕು ಬಾರಿಯ ಒಟ್ಟು ದೂರ 29,600 ಕಿಲೋಮೀಟರ್. ಇದಕ್ಕೆ ಬೆಳಕಿಗೇ 148 ಮಿಲಿಸೆಕೆಂಡು ಬೇಕು. ತಂತಿಗಳು ನೇರ ರೇಖೆಯಲ್ಲಿ ಸಾಗುವುದಿಲ್ಲವಾದ್ದರಿಂದ ವಾಸ್ತವದ ವಿಳಂಬ ಇನ್ನೂ ಹೆಚ್ಚು. ರೋಮಿಂಗ್‌ನಲ್ಲಿ ವೇಗ ಕುಂಠಿತವಾದಾಗ ಅಲ್ಲಿನ ಟವರನ್ನು ದೂರುವುದು ಎಲ್ಲ ಸಮಯದಲ್ಲಿಯೂ ನ್ಯಾಯವಲ್ಲ.

ಈ ಪದ್ಧತಿಗೂ ಅನುಕೂಲಗಳುಂಟು. ಸ್ವದೇಶದ ಕಂಪನಿಯೇ ಬಳಕೆಯ ಲೆಕ್ಕವಿಡಬಲ್ಲದು, ಮಿತಿ ಮೀರಿದಾಗ ಸೇವೆಯನ್ನು ನಿಲ್ಲಿಸಬಲ್ಲದು. ಸಂಸ್ಥೆಯ ಖಾಸಗಿ ಎಪಿಎನ್ ಹೊರದೇಶದಲ್ಲಿಯೂ ಕೆಲಸ ಮಾಡಬಲ್ಲದು. ಇಷ್ಟೇ ಅಲ್ಲದೆ, ಜರ್ಮನಿಯಲ್ಲಿ ಕುಳಿತವರ ಐಪಿ ವಿಳಾಸವು ಭಾರತದ್ದೇ ಆಗಿ ಕಾಣುತ್ತದೆ. ಸಾಗರದಲ್ಲಿರುವವರು ಬೆಂಗಳೂರಿನಲ್ಲಿದ್ದಂತೆ ಕಾಣುವುದೂ, ಫ್ರಾಂಕ್‌ಫರ್ಟಿನಲ್ಲಿರುವವರು ಭಾರತದಲ್ಲಿದ್ದಂತೆ ಕಾಣುವುದೂ ಒಂದೇ ನಿಯಮದ ಎರಡು ಉದಾಹರಣೆಗಳು.

6. ಒಂದೇ ವಿಳಾಸ, ಹಲವು ಮಂದಿ

ಸ್ಥಳದ ವಿಷಯದಲ್ಲಿ ಮಾತ್ರವಲ್ಲದೆ ವ್ಯಕ್ತಿಯ ವಿಷಯದಲ್ಲಿಯೂ ಐಪಿ ವಿಳಾಸವು ದಾರಿ ತಪ್ಪಿಸಬಹುದು. ಐಪಿ ಆವೃತ್ತಿ 4ರಲ್ಲಿ ಸಾಧ್ಯವಿರುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಇವು ಜಗತ್ತಿನ ಎಲ್ಲ ಉಪಕರಣಗಳಿಗೆ ಸಾಲದು. ಆದ್ದರಿಂದ ಮೊಬೈಲ್ ಕಂಪನಿಗಳು ಫೋನುಗಳಿಗೆ ಒಳಬಳಕೆಯ ಖಾಸಗಿ ವಿಳಾಸ ನೀಡಿ, ಲಂಗರಿನ ಆಚೆಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಚಂದಾದಾರರಿಗೆ ಹಂಚುತ್ತವೆ. ಇಂತಹ ಹಂಚಿಕೆಯ ಜಾಲಗಳ ಒಳಬಳಕೆಗೆಂದೇ 2012ರಲ್ಲಿ 100.64ರಿಂದ ಆರಂಭವಾಗುವ ಒಂದು ವಿಳಾಸ ಸಮೂಹವನ್ನು ಮೀಸಲಿಡಲಾಯಿತು.

ಒಂದು ಸಾರ್ವಜನಿಕ ವಿಳಾಸಕ್ಕೆ 65,536 ಪೋರ್ಟ್ ಸಂಖ್ಯೆಗಳಿರುತ್ತವೆ. ಒಬ್ಬರಿಗೆ 1,000 ಪೋರ್ಟುಗಳಂತೆ ಹಂಚಿದರೆ 60ಕ್ಕೂ ಹೆಚ್ಚು ಮಂದಿ ಏಕಕಾಲಕ್ಕೆ ಅದೇ ವಿಳಾಸದಿಂದ ವ್ಯವಹರಿಸಬಹುದು. ಹೊರಗಿನ ಸರ್ವರಿನಲ್ಲಿ ಅವರೆಲ್ಲರ ಐಪಿ ವಿಳಾಸವೂ ಒಂದೇ. ಅವರನ್ನು ಬೇರೆಬೇರೆಯಾಗಿ ಗುರುತಿಸಲು ಪೋರ್ಟ್ ಸಂಖ್ಯೆ ಮತ್ತು ಕರಾರುವಾಕ್ಕಾದ ವೇಳೆ ಎರಡೂ ಅವಶ್ಯಕ. ಈ ಕಾರಣದಿಂದಲೇ 2011ರಲ್ಲಿ ಆರ್‌ಎಫ್‌ಸಿ 6302 ಎಂಬ ದಾಖಲೆಯು, ಸರ್ವರುಗಳು ಐಪಿ ವಿಳಾಸದೊಂದಿಗೆ ಮೂಲ ಪೋರ್ಟ್ ಸಂಖ್ಯೆಯನ್ನೂ ಸೆಕೆಂಡಿನವರೆಗಿನ ವೇಳೆಯನ್ನೂ ದಾಖಲಿಸಬೇಕೆಂದು ಶಿಫಾರಸು ಮಾಡಿತು. ಪುಟ ಸಂಖ್ಯೆಯಿಲ್ಲದ ಲೆಡ್ಜರಿನಂತೆ, ಪೋರ್ಟ್ ಸಂಖ್ಯೆಯಿಲ್ಲದ ಐಪಿ ದಾಖಲೆಯೂ ಪರಿಶೀಲನೆಗೆ ನಿಲ್ಲುವುದು ಕಷ್ಟ.

ಕೆಲವು ಸಂಸ್ಥೆಗಳು ‘ನಮ್ಮ ಮಾಲೀಕರ ಫೋನಿನ ಐಪಿ ವಿಳಾಸದಿಂದ ಬಂದವರಿಗೆ ಮಾತ್ರ ಪ್ರವೇಶ’ ಎಂಬ ನಿರ್ಬಂಧವನ್ನು ತಮ್ಮ ಸರ್ವರಿಗೆ ವಿಧಿಸುತ್ತವೆ. ಹಂಚಿಕೆಯ ವಿಳಾಸದಲ್ಲಿ ಇದು ನಿಷ್ಪ್ರಯೋಜಕ. ಅಪರಿಚಿತರಿಗೂ ಅದೇ ಬಾಗಿಲು ತೆರೆದಿರುತ್ತದೆ, ಮರುದಿನ ವಿಳಾಸ ಬದಲಾದರೆ ಮಾಲೀಕರೇ ಹೊರಗುಳಿಯುತ್ತಾರೆ.

7. ಲಂಗರು ಕೆಟ್ಟರೆ

ಎಲ್ಲ ವ್ಯವಹಾರವೂ ಒಂದೇ ಬಾಗಿಲಿನಿಂದ ನಡೆಯುವಾಗ ಆ ಬಾಗಿಲು ಮುಚ್ಚಿದರೆ ಆಗುವ ನಷ್ಟವೂ ದೊಡ್ಡದು. ಟವರು ಕೆಟ್ಟರೆ ಒಂದು ಬಡಾವಣೆಗೆ ತೊಂದರೆ. ಲಂಗರು ಕೆಟ್ಟರೆ ಅದನ್ನು ಅವಲಂಬಿಸಿದ ಎಲ್ಲ ಊರುಗಳಿಗೂ ತೊಂದರೆ. ಫೋನಿನಲ್ಲಿ ಸಿಗ್ನಲ್ ಪೂರ್ಣವಾಗಿ ಕಾಣುತ್ತದೆ, ಡೇಟಾ ಮಾತ್ರ ಹರಿಯುವುದಿಲ್ಲ. ಕಂಪನಿಗಳು ಬದಲಿ ಗೇಟ್‌ವೇಗಳನ್ನು ಇಟ್ಟಿರುತ್ತವೆಯಾದರೂ, ಐಪಿ ವಿಳಾಸ ಕಳೆದುಕೊಂಡ ಸಂಪರ್ಕಗಳು ಹೊಸದಾಗಿ ಆರಂಭವಾಗಬೇಕಾಗಬಹುದು.

ಅಂಗಡಿಯ ಸ್ವೈಪ್ ಯಂತ್ರಕ್ಕೆ ಪರ್ಯಾಯವಾಗಿ ಎರಡನೆಯ ಸಿಮ್ ಇಡುವವರು ಇದನ್ನು ನೆನಪಿಡಬೇಕು. ಎರಡೂ ಸಿಮ್‌ಗಳು ಒಂದೇ ಕಂಪನಿಯವಾದರೆ ಎರಡಕ್ಕೂ ಒಂದೇ ಲಂಗರು ಇರುವ ಸಂಭವವುಂಟು. ಹಬ್ಬದ ದಿನಗಳ ವ್ಯಾಪಾರದ ನಡುವೆ ಎರಡೂ ಒಟ್ಟಿಗೆ ನಿಂತರೆ ಪರ್ಯಾಯಕ್ಕೆ ಅರ್ಥವಿಲ್ಲ.

8. 5ಜಿ ಮತ್ತು ಹೊಸ ಬೆಳವಣಿಗೆಗಳು

ಭಾರತದಲ್ಲಿ 5ಜಿ ಸೇವೆಯು 2022ರ ಅಕ್ಟೋಬರ್ 1ರಂದು ಉದ್ಘಾಟನೆಗೊಂಡಿತು. 3ಜಿಪಿಪಿ ಸಂಸ್ಥೆಯ 5ಜಿ ನಿಯಮಗಳಲ್ಲಿ ಲಂಗರಿನ ಕೆಲಸವನ್ನು ಯುಪಿಎಫ್ ಎಂಬ ಘಟಕ ನಿರ್ವಹಿಸುತ್ತದೆ. ಇಲ್ಲಿ ಲಂಗರಿನ ಸ್ಥಿರತೆಗೆ ಮೂರು ಬಗೆಗಳನ್ನು ಹೇಳಲಾಗಿದೆ. ಮೊದಲ ಬಗೆಯಲ್ಲಿ ಲಂಗರೂ ವಿಳಾಸವೂ ಕೊನೆಯವರೆಗೆ ಬದಲಾಗುವುದಿಲ್ಲ. ಎರಡನೆಯದರಲ್ಲಿ ಹಳೆಯ ಸಂಪರ್ಕ ಬಿಡಿಸಿ ಹತ್ತಿರದ ಹೊಸ ಲಂಗರಿಗೆ ಹೊಸ ಸಂಪರ್ಕ ಕಟ್ಟಿಕೊಳ್ಳಬಹುದು. ಮೂರನೆಯದರಲ್ಲಿ ಹೊಸದನ್ನು ಕಟ್ಟಿಕೊಂಡ ನಂತರವೇ ಹಳೆಯದನ್ನು ಬಿಡಲಾಗುತ್ತದೆ. ಕಾರ್ಖಾನೆಯ ಆವರಣದಲ್ಲಿಯೇ ಲಂಗರನ್ನು ಇರಿಸಿಕೊಂಡು ವಿಳಂಬವನ್ನು ತಗ್ಗಿಸಲು ಇದು ಅನುವು ಮಾಡಿಕೊಡುತ್ತದೆ.

ಮತ್ತೊಂದು ಕಡೆ, ವಿಳಾಸ ಬದಲಾದರೂ ಸಂಪರ್ಕ ಕಡಿಯದಂತಹ ಕ್ರಮಗಳು ಬಂದಿವೆ. 2021ರಲ್ಲಿ ಪ್ರಕಟವಾದ ಕ್ವಿಕ್ ಎಂಬ ಕ್ರಮದಲ್ಲಿ ಸಂಪರ್ಕಕ್ಕೆ ತನ್ನದೇ ಆದ ಗುರುತು ಸಂಖ್ಯೆ ಇರುವುದರಿಂದ, ಫೋನು ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದರೂ ವ್ಯವಹಾರ ಮುಂದುವರಿಯಬಲ್ಲದು. ಊರು ಬದಲಾದರೂ ಪ್ಯಾನ್ ಸಂಖ್ಯೆ ಬದಲಾಗದಿರುವುದನ್ನು ಇಲ್ಲಿ ಹೋಲಿಕೆಗೆ ನೆನೆಯಬಹುದು. ಇಂತಹ ಕ್ರಮಗಳು ವ್ಯಾಪಕವಾದಂತೆ ಲಂಗರಿನ ಮೇಲಿನ ಅವಲಂಬನೆ ತಗ್ಗಬಹುದು. ಒಬ್ಬರದೇ ಒಂದೇ ವ್ಯವಹಾರದ ಮಧ್ಯದಲ್ಲಿ ಐಪಿ ವಿಳಾಸ ಬದಲಾಗಿರುವುದೂ ಆಗ ಸಾಮಾನ್ಯ ಸಂಗತಿಯಾಗುತ್ತದೆ.

9. ದಾಖಲೆ ಮತ್ತು ಸಾಕ್ಷ್ಯ

ಸೆರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳೂ ಸೇರಿದಂತೆ ಅದರ ವ್ಯಾಪ್ತಿಗೆ ಬರುವವರು ತಮ್ಮ ಗಣಕ ವ್ಯವಸ್ಥೆಗಳ ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸಬೇಕು. ಕಂಪ್ಯೂಟರುಗಳ ಗಡಿಯಾರವನ್ನು ಅಧಿಕೃತ ಕಾಲಮಾನದೊಂದಿಗೆ ಹೊಂದಿಸಿಡಬೇಕೆಂಬುದೂ ಅದರಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನ ಪ್ರಕಾರ ಇಂತಹ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ನಿಗದಿತ ಪ್ರಮಾಣಪತ್ರ ಲಗತ್ತಿಸಬೇಕು.

ಆದರೆ ದಾಖಲೆಯು ಸರಿಯಾಗಿದೆ ಎಂಬುದು ಬೇರೆ, ಅದರಿಂದ ತೆಗೆದ ಅರ್ಥವು ಸರಿಯಾಗಿದೆ ಎಂಬುದು ಬೇರೆ. ಪ್ರತಿನಿಧಿಯ ಪ್ರಕರಣದಲ್ಲಿ ಐಪಿ ದಾಖಲೆಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ಲಂಗರಿನ ವಿಳಾಸವನ್ನು ಯಥಾವತ್ತಾಗಿ ಬರೆದಿತ್ತು. ಅದನ್ನು ಮನುಷ್ಯನ ಹಾಜರಿ ಪುಸ್ತಕವೆಂದು ಓದಿದ್ದೇ ತಪ್ಪು.

10. ಸದಸ್ಯರು ಅನುಸರಿಸಬಹುದಾದ ಕ್ರಮಗಳು

(ಅ) ಮೊಬೈಲ್ ಜಾಲದಿಂದ ಬಂದ ಐಪಿ ವಿಳಾಸವೊಂದನ್ನೇ ಆಧರಿಸಿ ಸಿಬ್ಬಂದಿಯ ಮೇಲೆ ಯಾವುದೇ ಕ್ರಮ ಕೈಗೊಳ್ಳಬಾರದು. ಸಿಬ್ಬಂದಿಗೆ ತಿಳಿಸಿ, ಒಪ್ಪಿಗೆ ಪಡೆದು ದಾಖಲಿಸಿದ ಜಿಪಿಎಸ್ ಸ್ಥಳ, ಅಂಗಡಿಯವರ ಸಹಿ, ಬಸ್ ಟಿಕೆಟ್, ವಸತಿಗೃಹದ ರಸೀತಿ ಮುಂತಾದ ಪೂರಕ ಆಧಾರಗಳನ್ನು ನೋಡಬೇಕು.

(ಆ) ಸಂಸ್ಥೆಯ ಸರ್ವರಿನಲ್ಲಿ ಐಪಿ ವಿಳಾಸದ ಜೊತೆಗೆ ಮೂಲ ಪೋರ್ಟ್ ಸಂಖ್ಯೆ ಮತ್ತು ಸೆಕೆಂಡಿನವರೆಗಿನ ವೇಳೆ ದಾಖಲಾಗುತ್ತಿದೆಯೇ ಎಂಬುದನ್ನು ತಂತ್ರಾಂಶ ಪೂರೈಕೆದಾರರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

(ಇ) ಸರ್ವರಿನ ಪ್ರವೇಶವನ್ನು ವಿಳಾಸದ ಆಧಾರದ ಮೇಲೆ ನಿರ್ಬಂಧಿಸಬೇಕಿದ್ದರೆ ಖಾಸಗಿ ಎಪಿಎನ್ ಮತ್ತು ಸ್ಥಿರ ಐಪಿ ಇರುವ ಸಿಮ್ ಅಥವಾ ವಿಪಿಎನ್ ಬಳಸಬೇಕು. ಅದರೊಂದಿಗೆ ಎರಡು ಹಂತದ ಗುರುತು ಪರಿಶೀಲನೆಯೂ ಇರಲಿ.

(ಈ) ಪರ್ಯಾಯ ಸಿಮ್ ಅನ್ನು ಬೇರೆ ಕಂಪನಿಯಿಂದ ಪಡೆಯುವುದು ಲೇಸು.

(ಉ) ಸಣ್ಣ ಸಣ್ಣ ಸಂದೇಶ ಕಳುಹಿಸುವ ಉಪಕರಣಗಳಲ್ಲಿ, ತುರ್ತು ಇಲ್ಲದಿದ್ದರೆ ಹಲವು ಸಂದೇಶಗಳನ್ನು ಒಟ್ಟುಗೂಡಿಸಿ ಕಳುಹಿಸುವ ಸೌಲಭ್ಯವಿದೆಯೇ ಎಂದು ವಿಚಾರಿಸಬೇಕು.

(ಊ) ವಿದೇಶ ಪ್ರವಾಸದ ಮುನ್ನ ರೋಮಿಂಗ್ ಡೇಟಾ ಸ್ವದೇಶದ ಗೇಟ್‌ವೇ ಮೂಲಕ ಸಾಗುವುದೇ ಅಥವಾ ಅಲ್ಲಿಯೇ ಅಂತರ್ಜಾಲಕ್ಕೆ ಸೇರುವುದೇ ಎಂದು ಕಂಪನಿಯನ್ನು ಕೇಳಬಹುದು.

ದಾವಣಗೆರೆಯ ಸಂಸ್ಥೆಯು ಈಗ ಮಾಡಬೇಕಾದುದು ಇಷ್ಟು. ಸಾಗರದ ಅಂಗಡಿಗಳಿಗೆ ಹೋದ ಸರಕಿನ ಇನ್‌ವಾಯ್ಸ್‌ಗಳನ್ನೂ ಅಂಗಡಿಯವರ ಸಹಿಯ ಪುಸ್ತಕವನ್ನೂ ಬೇಡಿಕೆಯ ದಿನಾಂಕಗಳೊಂದಿಗೆ ತಾಳೆ ನೋಡಬೇಕು. ಅವು ಹೊಂದಿಕೊಂಡರೆ ನೋಟಿಸನ್ನು ಹಿಂಪಡೆದು, ತಡೆಹಿಡಿದ ಮೂರು ತಿಂಗಳ ಭತ್ಯೆಯನ್ನು ಪಾವತಿಸಿ, ಪರಿಶೋಧನಾ ಟಿಪ್ಪಣಿಯನ್ನು ಕಾರಣಸಹಿತವಾಗಿ ತಿದ್ದಿ ದಾಖಲೆಯಲ್ಲಿ ಇಡಬೇಕು. ಮುಂದಿನ ವರ್ಷ ಅದೇ ಕಡತವನ್ನು ತೆರೆಯುವ ಪರಿಶೋಧಕರಿಗೆ ಆ ತಿದ್ದುಪಡಿಯಿಂದ ಉಪಕಾರವಾಗುತ್ತದೆ.